ಭೈರನ ಹೊಟ್ಟೆಗೆ ದಿನಕ್ಕೆ ಅರ್ಧ ಕಿಲೋ ಜೋಳ

ಓದುಗರ ಪತ್ರ: ‘ಬೂದಿಮಳೆ ಬಿದ್ದು ಲೋಕ ಹಾಳಾಗಿ 80 ವರ್ಷ ಕಳೆದ ಮೇಲಿನ ಕಥೆಯೊಂದನ್ನು ಬರೆಯುತ್ತಿದ್ದೇನೆ. ನಾಯಕಿ ಕೆಂಚಿಯ ಜೊತೆ ಭೈರ ಎಂಬ ಮುಧೋಳ ನಾಯಿ ಇದೆ. ಬೂದಿಯಲ್ಲಿ ಅಡಗಿದ ಭೂತಗಳ ವಾಸನೆ ಅದಕ್ಕೆ ಮಾತ್ರ ಹತ್ತುತ್ತದೆ. ಅವಳ ಗಂಟು ಹೊರುತ್ತದೆ, ಅವಳು ಬಿಟ್ಟಿದ್ದನ್ನು ತಿನ್ನುತ್ತದೆ, ಕೊನೆಗೆ ಹುಚ್ಚುನಾಯಿ ಕಚ್ಚಿ ಅಂದು ಸಂಜೆಯೇ ಸಾಯುತ್ತದೆ. ಎರಡು ಅಧ್ಯಾಯ ಜೊತೆಗಿಟ್ಟಿದ್ದೇನೆ. ನಾಯಿ ನಿಜ ಅನ್ನಿಸುವುದಿಲ್ಲ ಅಂತ ಗೆಳೆಯರ ಆಕ್ಷೇಪ. ಭೂತವನ್ನೇ ಒಪ್ಪಿದವರಿಗೆ ನಾಯಿಯದ್ದೇನು ತಕರಾರು?’ (ಓದುಗರು, ಗದಗ)

ಸಂಪಾದಕರ ಉತ್ತರ:

ತಕರಾರು ಹುಟ್ಟುವುದೇ ಅಲ್ಲಿಂದ. ಭೂತವನ್ನು ಕಂಡವರಿಲ್ಲ, ಅದು ಹೀಗಿದೆ ಅಂತ ನೀವು ಬರೆದರೆ ಹೀಗೇ ಇದೆ. ನಾಯಿಯಾದರೆ ಓದುವವನ ಮನೆ ಕಟ್ಟೆಯ ಕೆಳಗೇ ಮಲಗಿದೆ. ಭೈರ ಎರಡು ಅಧ್ಯಾಯದುದ್ದಕ್ಕೂ ಒಮ್ಮೆಯೂ ನೀರು ಕುಡಿದಿಲ್ಲ, ಕೆಂಚಿಗೆ ಒಂದು ರೊಟ್ಟಿಯ ಖರ್ಚೂ ತಂದಿಲ್ಲ. ನಿಮ್ಮ ಗೆಳೆಯರಿಗೆ ಕುಟುಕಿದ್ದು ಇದೇ ಇರಬೇಕು.

ಮೊದಲು ಹೊಟ್ಟೆಯ ಲೆಕ್ಕ. 24 ಕಿಲೋ ತೂಗುವ ನಾಯಿ ಸುಮ್ಮನೆ ಬಿದ್ದುಕೊಂಡಿದ್ದರೂ ದಿನಕ್ಕೆ ಸುಮಾರು 750 ಕ್ಯಾಲೊರಿ ಬೇಡುತ್ತದೆ. ದಿನವಿಡೀ ನಡೆದರೆ ಅದರ ಎರಡರಷ್ಟು. ಬರೀ ಜೋಳದಲ್ಲಿ ಹೇಳುವುದಾದರೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ಹಿಟ್ಟು. ಬರಗಾಲದ ಲೋಕದಲ್ಲಿ ಕೆಂಚಿ ಅಷ್ಟನ್ನು ಎಲ್ಲಿ ಬಿಟ್ಟಾಳು? ನಾಯಿಗೆ ಜೋಳ ಅರಗೀತೇ ಎಂಬ ಅನುಮಾನ ಬೇಡ. ಪಿಷ್ಟ ಅರಗಿಸಲು ನೆರವಾಗುವ ಎಎಂವೈ2ಬಿ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ ಅದರ ಹಲವು ಪಟ್ಟು ಇದೆ ಎಂದು 2013ರಲ್ಲಿ ಪ್ರಕಟವಾಯಿತು. ಮನುಷ್ಯರ ಹಗೇವಿನ ಪಕ್ಕದಲ್ಲಿ ಬಾಳಿದ ಗುರುತು ಅದು. ಆದರೆ ನುಚ್ಚು ಚೆನ್ನಾಗಿ ಬೆಂದಿರಬೇಕು. ಹಸಿ ಹಿಟ್ಟು ಕಲಸಿ ಇಟ್ಟರೆ ಮೈಗೆ ಹತ್ತದು, ಭೇದಿಯೂ ಆದೀತು. ಅಂದರೆ ನಾಯಿಗೋಸ್ಕರ ಗಡಿಗೆ, ನೀರು, ಸೌದೆ, ಹೊಗೆ. ಹೊಗೆ ಕಂಡರೆ ಕಳ್ಳರು ಬರುತ್ತಾರೆ. ಒಂದು ಅಧ್ಯಾಯಕ್ಕೆ ಸಾಲುವಷ್ಟು ಭಯ ಈ ನುಚ್ಚಿನ ಗಡಿಗೆಯಲ್ಲೇ ಇದೆ. ಜೋಳವೊಂದರಿಂದಲೇ ಮೈ ಕಟ್ಟುವುದಿಲ್ಲ, ನಡುನಡುವೆ ಮೊಲವೋ ಹೆಗ್ಗಣವೋ ಸಿಗಬೇಕು. ಎರಡನೇ ಅಧ್ಯಾಯದಲ್ಲಿ ದಿನವೂ ಉಳ್ಳಾಗಡ್ಡಿ ಸಾರು ಸುರಿದಿದ್ದೀರಿ. ಒಂದು ಸೌಟಿಗೆ ಏನೂ ಆಗದು. ತಪ್ಪದೆ ಹಾಕುತ್ತ ಹೋದರೆ ಕೆಂಪು ರಕ್ತಕಣ ಒಡೆದು ಒಸಡು ಬಿಳಿಚುತ್ತದೆ, ಮೂತ್ರ ಕಂದಾಗುತ್ತದೆ. ಕುದಿಸಿದರೂ ಅದರ ವಿಷ ಹೋಗುವುದಿಲ್ಲ.

ಹೊರೆಯ ವಿಷಯ ಚಿಕ್ಕದು. ಪಳಗಿದ ಗಟ್ಟಿ ನಾಯಿಯ ಬೆನ್ನಿಗೂ ಮೈತೂಕದ ಕಾಲು ಭಾಗವೇ ಮಿತಿ, ಮುಧೋಳದಂಥ ಸಪೂರ ನಾಯಿಗೆ ಮೂರು ಕಿಲೋ ಸಾಕು. ಚೀಲ ಎರಡೂ ಬದಿಗೆ ಸಮತೂಕ ಇರಲಿ, ಭಾರ ನಡುಬೆನ್ನಿಗಿಂತ ಹೆಗಲ ಕಡೆಗೆ ಬೀಳಲಿ, ಪಟ್ಟಿಯೊಳಗೆ ಎರಡು ಬೆರಳು ತೂರಲಿ. ಮೊದಲು ಹುಣ್ಣಾಗುವುದು ಮುಂಗಾಲಿನ ಕಂಕುಳಲ್ಲಿ. ಒಂದು ತಮಾಷೆ ನೋಡಿ: ಭೈರ ಮೂರು ಲೀಟರ್ ನೀರು ಹೊತ್ತರೆ ತಂಪು ಹವೆಯಲ್ಲೂ ಎರಡೇ ದಿನಕ್ಕೆ ಅದನ್ನು ತಾನೇ ಕುಡಿದು ಮುಗಿಸುತ್ತದೆ.

ಇನ್ನು ಮೂಗು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಉದ್ದ ತಲೆ, ಆಳ ಎದೆ, ಬಿಟ್ಟ ಬಾಣದ ಓಟ, ಆಮೇಲೆ ಏದುಸಿರು. ಮೂರು ದಿನದ ಹಿಂದಿನ ಜಾಡನ್ನು ನೆಲಕ್ಕೆ ಮೂಗು ಹಚ್ಚಿ ಹಿಡಿಯುವುದು ಅದರ ಕಸುಬಲ್ಲ. ಭೂತದ ವಾಸನೆ ಕಲಿಸಲೇಬೇಕೆಂದಿದ್ದರೆ ಹೀಗೆ ಮಾಡಿಸಿ: ಭೂತ ಸುಳಿದ ಬಟ್ಟೆಯ ಚೂರನ್ನು ನಾಲ್ಕು ಕುಡಿಕೆಗಳಲ್ಲಿ ಒಂದರೊಳಗೆ ಬಚ್ಚಿಡುವುದು, ಮೂಗು ಅಲ್ಲಿ ನಿಂತ ಕ್ಷಣಕ್ಕೇ ಒಣಮಾಂಸದ ತುಣುಕು, ಒಂದು ಸಲಕ್ಕೆ ಐದು ನಿಮಿಷ, ನಾಯಿಗೆ ಬೇಸರ ಬರುವ ಮೊದಲೇ ಆಟ ಬಂದ್. ಬರಬರುತ್ತ ದೂರ ಹೆಚ್ಚಿಸುವುದು, ಗಾಳಿಯ ದಿಕ್ಕು ಬದಲಿಸುವುದು. ಕುಡಿಕೆ ಯಾವುದೆಂದು ಕೆಂಚಿಗೂ ಗೊತ್ತಿರಬಾರದು. 1907ರಲ್ಲಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂಬ ನಂಬಿಕೆಯನ್ನು ಪರೀಕ್ಷಿಸಿ ನೋಡಿದಾಗ, ಗೊರಸು ಬಡಿದು ಉತ್ತರ ಹೇಳುತ್ತಿದ್ದ ಅದು ಪ್ರಶ್ನೆ ಕೇಳುವವರ ಮೈಯ ಸಣ್ಣ ಬಿಗುವನ್ನು ನೋಡಿ ಬಡಿತ ನಿಲ್ಲಿಸುತ್ತಿತ್ತೆಂದು ಗೊತ್ತಾಯಿತು. ನಾಯಿಯೂ ಅಷ್ಟೇ. ಕೆಂಚಿ ಹೆದರಿದ ಕಡೆ ಭೈರ ಇಲ್ಲದ ಭೂತವನ್ನು ತೋರಿಸೀತು. ನಿಮ್ಮ ಕಥೆಗೆ ಇದಕ್ಕಿಂತ ಒಳ್ಳೆಯ ತಿರುವು ನಮಗೆ ಕಾಣುತ್ತಿಲ್ಲ. ಇನ್ನೊಂದು ಮಿತಿಯೂ ನಿಮ್ಮ ಕೈಲಿದೆ: ಬಾಯ್ತೆರೆದು ತೇಕುವ ನಾಯಿ ಸರಿಯಾಗಿ ಮೂಸಲಾರದು. ನಡುಮಧ್ಯಾಹ್ನ ಭೂತಗಳಿಗೆ ಸುಗ್ಗಿ. ಇಬ್ಬನಿ ಹಿಡಿದ ನಸುಕು ಭೈರನ ಹೊತ್ತು.

80 ವರ್ಷದಲ್ಲಿ ನಾಯಿಗಳ 30 ತಲೆಮಾರಾದರೂ ಉರುಳುತ್ತವೆ. ಹೆರಿಗೆಗೆ ಕತ್ತರಿ ಬೇಡುವ ಬುಲ್‌ಡಾಗ್ ಅಷ್ಟು ದೂರ ಬರುವುದೇ ಇಲ್ಲ. ಉಳಿಯುವುದು ನಮ್ಮ ಬೀದಿನಾಯಿಯಂಥದ್ದು: ನಡುಗಾತ್ರ, ಗಿಡ್ಡ ಕೂದಲು, ಸುರುಳಿ ಬಾಲ. 1986ರಲ್ಲಿ ಅಣುಸ್ಥಾವರ ಸಿಡಿದ ಚೆರ್ನೋಬಿಲ್‌ನಿಂದ ಜನರನ್ನು ಸಾಗಿಸಿದಾಗ ಸಾಕುಪ್ರಾಣಿಗಳನ್ನು ಬಿಟ್ಟು ಬರಬೇಕಾಯಿತು. ಸೈನಿಕರ ಗುಂಡಿಗೂ ತಪ್ಪಿ ಉಳಿದವುಗಳ ಸಂತತಿ ಇವತ್ತೂ ಸ್ಥಾವರದ ಸುತ್ತ ಇದೆ. ಅವು ತೋಳಗಳಾಗಿ ಕಾಡು ಸೇರಲಿಲ್ಲ. ಕೆಲಸಗಾರರು ಹಾಕುವ ತುತ್ತಿನ ಹತ್ತಿರವೇ ಸುಳಿದಾಡಿಕೊಂಡಿವೆ. ಹಾಗಾಗಿ ಭೈರ ಅಪ್ಪಟ ಮುಧೋಳವೇ ಆಗಿರಬೇಕಾದರೆ ಆ ತಳಿಯನ್ನು ಯಾರೋ ಕಾಯ್ದಿರಬೇಕು: ಬೆದೆಗೆ ಬಂದ ಹೆಣ್ಣನ್ನು ಮೂರು ವಾರ ಕಟ್ಟಿಹಾಕಿ, ಗಂಡನ್ನು ಆರಿಸಿ ಬಿಟ್ಟು, 63 ದಿನ ಕಾದವರು. ಬಾಗಲಕೋಟೆ ಕಡೆಯ ಕುರಿಗಾರರ ಹಟ್ಟಿಯೊಂದನ್ನು ತನ್ನಿ, ಸಾಕು. ಹಾಂ, ಕೆಂಚಿಯ ಬಾಲ್ಯದಿಂದ ಇಪ್ಪತ್ತು ವರ್ಷ ಭೈರನನ್ನು ಬದುಕಿಸಿದ್ದೀರಿ. ಹನ್ನೆರಡಕ್ಕೆ ಇಳಿಸಿ.

ಕೊನೆಯದು ಆ ಸಾವು. ಹುಚ್ಚು ಸಂಜೆಗೆ ಬರುವುದಿಲ್ಲ. ಕಚ್ಚಿದ ಜಾಗದಿಂದ ವೈರಸ್ಸು ನರದ ಗುಂಟ ಮೆದುಳಿಗೆ ತೆವಳಬೇಕು. ಅದಕ್ಕೆ ವಾರಗಳು, ಒಮ್ಮೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಲಕ್ಷಣ ಕಂಡ ಮೇಲೆ ಮಾತ್ರ ನಾಯಿ ಹತ್ತು ದಿನದೊಳಗೆ ಸಾಯುತ್ತದೆ. ಲಕ್ಷಣಕ್ಕೆ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ಸು ಇರುತ್ತದೆ, ಅಂದರೆ ನೆಕ್ಕುವ ಭೈರನನ್ನು ಕೆಂಚಿ ದೂರ ತಳ್ಳಬೇಕು. ಎಲ್ಲ ಹುಚ್ಚುನಾಯಿಯೂ ನೊರೆ ಕಾರುತ್ತ ಅಟ್ಟಿಸಿಕೊಂಡು ಬರುವುದಿಲ್ಲ. ಮೂಕ ಹುಚ್ಚು ಅಂತೊಂದಿದೆ: ನಾಯಿ ಕತ್ತಲೆ ಮೂಲೆ ಹುಡುಕುತ್ತದೆ, ಬೊಗಳು ಒಡೆಯುತ್ತದೆ, ಕೆಳದವಡೆ ಜೋತು ಬೀಳುತ್ತದೆ. ನೋಡಿದವರಿಗೆ ಗಂಟಲಲ್ಲಿ ಎಲುಬು ಸಿಕ್ಕಂತೆ ಕಾಣುತ್ತದೆ. ತೆಗೆಯೋಣವೆಂದು ಪ್ರೀತಿಯಿಂದ ಬಾಯಿಗೆ ಕೈ ಹಾಕುತ್ತಾರೆ. ಬೆರಳ ಮೇಲೊಂದು ತರಚು ಗಾಯವಿದ್ದರೆ ಮುಗಿಯಿತು. ನಿಮ್ಮ ಕೊನೆಯ ದೃಶ್ಯ ಇದಾಗಲಿ.

ಕೆಂಚಿಯ ಹತ್ತಿರ ಲಸಿಕೆ ಇಲ್ಲ. ಕಟ್ಟಿಗೆ ಬೂದಿಯ ಸೋಸುನೀರಿಗೆ ಕೊಬ್ಬು ಕುದಿಸಿದರೆ ಮೆದು ಸಾಬೂನಾಗುತ್ತದೆ; ಅದರಿಂದ ಹದಿನೈದು ನಿಮಿಷ ಗಾಯ ತೊಳೆಯಬಲ್ಲಳು, ಅಷ್ಟೇ. ಹಳೆಯ ಪುಸ್ತಕ ಓದಿದ ಮುದುಕಿಯೊಬ್ಬಳು ಸಿಕ್ಕರೆ ಬೇರೆ ಮಾತು. 1885ರ ಜುಲೈಯಲ್ಲಿ ಫ್ರೆಂಚ್ ವಿಜ್ಞಾನಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ ಕೊಡಿಸಿದ್ದು ರೋಗ ತಗುಲಿದ ಮೊಲಗಳ ಬೆನ್ನುಹುರಿಯನ್ನು ಸೀಸೆಯಲ್ಲಿ ಒಣಗಿಸಿದ ಮದ್ದು. ಮೊದಲ ದಿನ ಎರಡು ವಾರ ಒಣಗಿ ಶಕ್ತಿಗುಂದಿದ್ದು, ಆಮೇಲೆ ದಿನದಿನಕ್ಕೂ ಹೆಚ್ಚು ತಾಜಾ. (ಇದು ಕಥೆಗೆ ಮಾತ್ರ. ನಿಜವಾಗಿ ನಾಯಿ ಕಚ್ಚಿದವರು ಗಾಯ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.)

ಬಾವಿ ದಂಡೆಯಲ್ಲಿ ಭೈರ ಕೆಂಚಿಗೆ ಬೆನ್ನು ಹಚ್ಚಿ, ಮುಖ ಕತ್ತಲೆಗೆ ಮಾಡಿ ಮಲಗುವ ಸಾಲನ್ನು ಮುಟ್ಟಬೇಡಿ. ನಾಯಿಯನ್ನು ಅಲ್ಲಿ ಸರಿಯಾಗಿ ನೋಡಿದ್ದೀರಿ. ಅದರ ಬೆನ್ನಿಗೇ ಬರುವ ‘ಎಂಥ ನಿಷ್ಠೆ!’ ಎಂಬ ಸಾಲನ್ನು ಹೊಡೆದುಹಾಕಿ, ಮೂರನೇ ಅಧ್ಯಾಯ ಕಳಿಸಿ.