ಪೋರ್ಟ್ ತೆರೆದರೂ ಮನೆಯ ನ್ಯಾಸ್ ಹೊರಗಿನಿಂದ ಸಿಗುತ್ತಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸೋಮವಾರಪೇಟೆ ಹತ್ತಿರದ ತೋಟದ ಮನೆಯಲ್ಲಿ ಎರಡು ಡಿಸ್ಕಿನ ಸಿನಾಲಜಿ ನ್ಯಾಸ್ (ಮನೆಯ ನೆಟ್‌ವರ್ಕಿಗೆ ಸೇರಿಸಿ ಫೈಲು ಕೂಡಿಡುವ ಪೆಟ್ಟಿಗೆ) ಇದೆ, ಫೈಬರ್ ಇದೆ. ಮನೆಯ ವೈಫೈಯಲ್ಲಿ ಎಲ್ಲ ಸರಿ. ರೂಟರ್‌ನಲ್ಲಿ 5001 ಪೋರ್ಟ್ ಫಾರ್ವರ್ಡ್ ಮಾಡಿದ್ದೀರಿ, ಡಿಡಿಎನ್‌ಎಸ್ ಹೆಸರೂ (ಐಪಿ ಬದಲಾದರೂ ಮನೆಯ ಸಂಪರ್ಕ ಹುಡುಕಿಕೊಡುವ ಹೆಸರು) ತೆಗೆದುಕೊಂಡಿದ್ದೀರಿ. ಆದರೂ ಬೆಂಗಳೂರಿನಲ್ಲಿರುವ ಮಗಳಿಗೆ ತೆರೆಯುತ್ತಿಲ್ಲ.

ನೀವು ಮಾಡಿದ್ದೆಲ್ಲ ಸರಿಯಿದ್ದೂ ಹೀಗಾಗಬಹುದು. ಮೊದಲು ಒಂದು ಪರೀಕ್ಷೆ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ಕಡೆಯಿಂದ ರೂಟರಿಗೆ ಸಿಕ್ಕಿದ ವಿಳಾಸ) ಎಂದು ಒಂದು ಅಂಕಿ ಇರುತ್ತದೆ, ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ವೈಫೈಯಿಂದ ಗೂಗಲ್‌ನಲ್ಲಿ ‘ನನ್ನ ಐಪಿ’ ಎಂದು ಹುಡುಕಿ, ಬರುವ ತಾಣಗಳಲ್ಲೊಂದು ತೋರಿಸುವ ಐಪಿವಿ4 ಅಂಕಿಯ ಜೊತೆ ಹೋಲಿಸಿ. ಎರಡೂ ಒಂದೇ ಆದರೆ ನಿಮಗೆ ನಿಜವಾದ ಪಬ್ಲಿಕ್ ಐಪಿ ಇದೆ. ಬೇರೆ ಬೇರೆಯಾಗಿದ್ದು, ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ದರೆ ಅದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚಿದೆ. 10ರಿಂದ ಶುರುವಾಗಿದ್ದರೂ ಹೆಚ್ಚುಕಡಿಮೆ ಅದೇ. 192.168 ಎಂದಿದ್ದರೆ ಮಾತ್ರ ಇನ್ನೊಂದು ಸಾಧ್ಯತೆ ನೋಡಿ: ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿಯೇ ಒಂದು ರೂಟರ್, ಅದರ ಹಿಂದೆ ನಿಮ್ಮದು ಎರಡನೆಯದು. ಆಗ ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸವನ್ನು ನಿಮ್ಮ ರೂಟರಿಗೇ ಬಿಡುವ ಸ್ಥಿತಿಗೆ) ಹಾಕಿಸಿ ಮತ್ತೆ ಪರೀಕ್ಷಿಸಿ.

ಸಿಜಿನ್ಯಾಟ್ ಅಂದರೆ ತೋಟದ ಕೆಲಸಗಾರರ ಇಡೀ ಲೈನ್‌ಮನೆಗೆ ಒಂದೇ ಅಂಚೆ ವಿಳಾಸ ಇದ್ದ ಹಾಗೆ. ಒಳಗಿನಿಂದ ಪತ್ರ ಹೋದರೆ ಯಾರು ಕಳಿಸಿದ್ದೆಂದು ತೋಟದ ಲೆಕ್ಕ ಬರೆಯುವ ರೈಟರ್ ಗುರುತಿಟ್ಟುಕೊಂಡಿರುತ್ತಾರೆ, ಉತ್ತರ ಬಂದಾಗ ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಾರೆ. ಹೊರಗಿನಿಂದ ಹೊಸದಾಗಿ ಬಂದ ಪತ್ರ ಯಾರಿಗೆಂದು ಅವರಿಗೆ ತಿಳಿಯದು, ಅದು ಅಲ್ಲೇ ಉಳಿಯುತ್ತದೆ. ನಿಮ್ಮ ಪೋರ್ಟ್ ಫಾರ್ವರ್ಡ್ ನಿಮ್ಮ ಬಾಗಿಲಿನ ಚಿಲಕ ತೆಗೆದಿದೆ, ಅಷ್ಟೇ. ಗೇಟು ಇಂಟರ್ನೆಟ್ ಕಂಪನಿಯ ಕೈಯಲ್ಲಿದೆ. ಡಿಡಿಎನ್‌ಎಸ್ ಕೂಡ ಆ ಗೇಟಿನ ತನಕ ಮಾತ್ರ ದಾರಿ ತೋರಿಸುತ್ತದೆ.

ಹೆಚ್ಚು ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬಹುದು. ನಾನಾದರೆ ತೆಗೆದುಕೊಳ್ಳುವುದಿಲ್ಲ. ನ್ಯಾಸ್‌ನ ಲಾಗಿನ್ ಪುಟವನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟವರಿಗೆ ಏನಾಯಿತೆಂದು ನೋಡಿದ್ದೇವೆ: 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಿಸ್ಕುಗಳು ದೂರದಿಂದಲೇ ಖಾಲಿಯಾದವು, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಜಡಿದು 0.03 ಬಿಟ್‌ಕಾಯಿನ್ ಕೇಳಿತು. ಹಾಗಾಗಿ ಫಾರ್ವರ್ಡ್ ಮಾಡಿದ್ದನ್ನು ಅಳಿಸಿ, ರೂಟರ್‌ನಲ್ಲಿ ಯುಪಿಎನ್‌ಪಿಯನ್ನೂ (ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳುವ ಸೌಲಭ್ಯ) ಆಫ್ ಮಾಡಿ. ವಿಂಡೋಸ್ ಫೈಲ್ ಹಂಚಿಕೆಯ 445 ಪೋರ್ಟನ್ನಂತೂ ಯಾವ ಕಾರಣಕ್ಕೂ ತೆರೆಯಬೇಡಿ.

ಸಂಪರ್ಕ ಒಳಗಿನಿಂದ ಹೊರಗೆ ಹೋಗಬೇಕು. ಇದಕ್ಕೆ ಸುಲಭದ ದಾರಿ ಟೇಲ್‌ಸ್ಕೇಲ್ ಎಂಬ ವಿಪಿಎನ್, ನಿಮ್ಮ ಸಾಧನಗಳನ್ನು ಒಂದು ಖಾಸಗಿ ಜಾಲಕ್ಕೆ ಸೇರಿಸುತ್ತದೆ. ಮನೆ ಬಳಕೆಗೆ ಉಚಿತ ಯೋಜನೆ ಸಾಕು. ನ್ಯಾಸ್‌ನ ಪ್ಯಾಕೇಜ್ ಸೆಂಟರ್‌ನಲ್ಲೇ ಸಿಗುತ್ತದೆ. ಇನ್‌ಸ್ಟಾಲ್ ಮಾಡಿ ಲಾಗಿನ್ ಆದರೆ ನ್ಯಾಸ್‌ಗೆ ಒಂದು ಅಂಕಿ ಬರುತ್ತದೆ, 100.101.20.7 ಎಂದಿಟ್ಟುಕೊಳ್ಳಿ. (ಇದೂ 100ರಿಂದ ಶುರುವಾಗುತ್ತದೆ, ಸಿಜಿನ್ಯಾಟ್‌ನ ಸಾಲಿನದೇ. ಮೇಲಿನ ಪರೀಕ್ಷೆಯ ಅಂಕಿಯ ಜೊತೆ ಕಲಸಿಕೊಳ್ಳಬೇಡಿ.) ಮಗಳ ಲ್ಯಾಪ್‌ಟಾಪಿಗೂ ಫೋನಿಗೂ ಅದೇ ಆ್ಯಪ್ ಹಾಕಿಸಿ. ಅವಳದು ಬೇರೆ ಖಾತೆಯಾಗಿರಲಿ, ನ್ಯಾಸ್ ಒಂದನ್ನು ಮಾತ್ರ ಆ ಖಾತೆಗೆ ಶೇರ್ ಮಾಡಿ. ಬ್ರೌಸರ್‌ನಲ್ಲಿ ಆ ಅಂಕಿ, ಒಂದು ಕೋಲನ್, 5000. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಾದರೆ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಅದೇ ಅಂಕಿ ಬರೆದರೆ ಫೋಲ್ಡರ್‌ಗಳು ಕಾಣುತ್ತವೆ. 5000 ಎಚ್‌ಟಿಟಿಪಿ ಅಲ್ಲವೇ ಎಂದು ಹೆದರಬೇಡಿ, ದಾರಿಯುದ್ದಕ್ಕೂ ವೈರ್‌ಗಾರ್ಡ್ ಎನ್‌ಕ್ರಿಪ್ಷನ್ ಇರುತ್ತದೆ.

ಇಲ್ಲಿ ಜನ ಎಡವುವುದು ಎರಡು ಕಡೆ. ನ್ಯಾಸ್‌ನ ಫೈರ್‌ವಾಲ್ ಆನ್ ಇದ್ದು ಮನೆಯ 192.168 ಸಾಲಿಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದರೆ ಎಲ್ಲವೂ ಕನೆಕ್ಟೆಡ್ ಎಂದು ತೋರಿಸುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. 100.64.0.0, ಮಾಸ್ಕ್ 255.192.0.0 ಎಂದು ಒಂದು ಅನುಮತಿ ನಿಯಮ ಸೇರಿಸಿ. ಇನ್ನೊಂದು, ಟೇಲ್‌ಸ್ಕೇಲ್‌ನ ಕೀ (ಸಾಧನದ ಲಾಗಿನ್ ಒಪ್ಪಿಗೆ) 180 ದಿನಕ್ಕೆ ಅವಧಿ ಮುಗಿಯುತ್ತದೆ. ಈಗ ಹಾಕಿ ಮರೆತರೆ ಆರು ತಿಂಗಳಿಗೆ ಸರಿಯಾಗಿ ಒಂದು ದಿನ ನ್ಯಾಸ್ ಮಾಯ. ಅಡ್ಮಿನ್ ಪುಟದಲ್ಲಿ ನ್ಯಾಸ್‌ನ ಹೆಸರಿನ ಮುಂದಿನ ಮೂರು ಚುಕ್ಕಿ ಒತ್ತಿ ‘ಡಿಸೇಬಲ್ ಕೀ ಎಕ್ಸ್‌ಪೈರಿ’ ಕೊಟ್ಟುಬಿಡಿ. ನ್ಯಾಸ್‌ಗೆ ಮಾತ್ರ ಕೊಡಿ, ಫೋನುಗಳಿಗೆ ಬೇಡ.

ಪರೀಕ್ಷೆಯನ್ನು ಮನೆಯ ವೈಫೈಯಲ್ಲಿ ಕೂತು ಮಾಡಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆಯಿರಿ. ತೋಟದ ಒಳಗೆ ಸಿಗ್ನಲ್ ಇಲ್ಲದಿದ್ದರೆ ಮುಖ್ಯ ರಸ್ತೆಯ ತನಕ ನಡೆದು ಬನ್ನಿ.

ತೆರೆಯಿತು, ಆದರೆ ನಿಧಾನ ಅನ್ನಿಸಿದರೆ ಮಗಳ ಲ್ಯಾಪ್‌ಟಾಪಿನ ಕಮಾಂಡ್ ವಿಂಡೋದಲ್ಲಿ ಟೇಲ್‌ಸ್ಕೇಲ್ ಸ್ಟೇಟಸ್ (tailscale status) ಎಂದು ಬರೆದು ನೋಡಿ. ನ್ಯಾಸ್‌ನ ಸಾಲಿನಲ್ಲಿ ‘ಡೈರೆಕ್ಟ್’ ಎಂದಿದ್ದರೆ ಒಳ್ಳೆಯದು. ‘ರಿಲೇ’ ಎಂದಿದ್ದರೆ ಫೈಲುಗಳು ಮಧ್ಯದ ಒಂದು ಸರ್ವರ್ ಸುತ್ತಿ ಬರುತ್ತಿವೆ. ಆಗ ರೂಟರ್‌ನಲ್ಲಿ ಐಪಿವಿ6 ಆನ್ ಮಾಡಿ ನೋಡಿ. ಸಿಜಿನ್ಯಾಟ್‌ನ ತೊಡಕು ಇರುವುದು ಐಪಿವಿ4ಗೆ, ಎರಡೂ ಕಡೆ ಐಪಿವಿ6 ಇದ್ದರೆ ಸಾಮಾನ್ಯವಾಗಿ ನೇರ ದಾರಿ ಸಿಗುತ್ತದೆ.

ನೇರ ದಾರಿಯಲ್ಲೂ ವೇಗ ನಿರ್ಧರಿಸುವುದು ನಿಮ್ಮ ಮನೆಯ ಅಪ್‌ಲೋಡ್. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 1.25 ಮೆಗಾಬೈಟ್, 60 ಜಿಬಿ ಮದುವೆ ಫೋಟೊ ಇಳಿಸಲು ಹದಿಮೂರು ಗಂಟೆಗೂ ಹೆಚ್ಚು. ಐಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮಿನಂತೆ ತೆಗೆದ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ, ಅದನ್ನು ನಿಲ್ಲದೆ ನೋಡಲು 23 ಎಂಬಿಪಿಎಸ್ ಆದರೂ ಬೇಕು. ಪ್ಲಾನ್ ಕೊಳ್ಳುವಾಗ ಡೌನ್‌ಲೋಡ್ ಅಂಕಿ ಬಿಟ್ಟು ಅಪ್‌ಲೋಡ್ ಅಂಕಿಯನ್ನೇ ಕೇಳಿ.

ಬೇರೆ ದಾರಿಗಳ ಬಗ್ಗೆಯೂ ಕೇಳಿದ್ದೀರಿ. ಸಿನಾಲಜಿಯ ಕ್ವಿಕ್‌ಕನೆಕ್ಟ್ ಸಿಜಿನ್ಯಾಟ್ ಹಿಂದಿನಿಂದಲೂ ನಡೆಯುತ್ತದೆ, ಅಪರೂಪಕ್ಕೆ ನಾಲ್ಕು ಫೋಟೊ ನೋಡಲು ಸಾಕು. ಆದರೆ ವಿಂಡೋಸ್ ಫೋಲ್ಡರ್ ಆಗಿ ತೆರೆಯುವುದಿಲ್ಲ. ಕ್ಲೌಡ್‌ಫ್ಲೇರ್ ಟನೆಲ್‌ನ ಉಚಿತ ಯೋಜನೆಯಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ಅಪ್‌ಲೋಡ್ ಹೋಗುವುದಿಲ್ಲ, ನಿಮ್ಮ ಕೆಲಸಕ್ಕೆ ಆಗದು.

ಇನ್ನು ಕರೆಂಟು. ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ಯಾವ ಸೆಟ್ಟಿಂಗೂ ಉಪಯೋಗಕ್ಕಿಲ್ಲ. ಎರಡು ಡಿಸ್ಕಿನ ನ್ಯಾಸ್ ಮತ್ತು ಓಎನ್‌ಟಿ ಸೇರಿ ಎಳೆಯುವುದು ಹೆಚ್ಚುಕಡಿಮೆ 30 ವ್ಯಾಟ್. ಇನ್ವರ್ಟರಿನ 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಇವೆರಡನ್ನೇ ಒಂದು ಹಗಲು ರಾತ್ರಿ ಎಳೆಯಬಲ್ಲದು. ಇನ್ವರ್ಟರ್‌ನಲ್ಲಿ ಯುಪಿಎಸ್ ಮತ್ತು ನಾರ್ಮಲ್ ಎಂಬ ಸ್ವಿಚ್ ಇದೆಯೇ ನೋಡಿ, ಇದ್ದರೆ ಯುಪಿಎಸ್ ಕಡೆ ಇರಲಿ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗಲು ತಗಲುವ ಆ ಚೂರು ಹೊತ್ತು ಫ್ಯಾನಿಗೆ ತಿಳಿಯುವುದಿಲ್ಲ, ನ್ಯಾಸ್ ಮಾತ್ರ ಪ್ರತಿ ಸಲ ಬಿದ್ದು ಏಳುತ್ತದೆ, ಬರೆಯುತ್ತಿದ್ದ ಫೈಲ್ ಕೆಡುತ್ತದೆ.

ಆದರೆ ಬ್ಯಾಟರಿ ಮುಗಿಯುತ್ತಿದೆ ಎಂದು ಮನೆಯ ಇನ್ವರ್ಟರ್ ನ್ಯಾಸ್‌ಗೆ ಹೇಳುವುದಿಲ್ಲ. ಅದಕ್ಕೆ ಯುಎಸ್‌ಬಿ ಡೇಟಾ ಕೇಬಲ್ ಇರುವ ಸಣ್ಣ ಯುಪಿಎಸ್ ಬೇಕು. ಸಿನಾಲಜಿಯ ಪಟ್ಟಿಯಲ್ಲಿರುವ ಮಾದರಿಯನ್ನೇ ಕೊಂಡರೆ ನ್ಯಾಸ್ ಸಮಯಕ್ಕೆ ಸರಿಯಾಗಿ ತಾನೇ ನಿಲ್ಲುತ್ತದೆ. ‘ಹಾರ್ಡ್‌ವೇರ್ ಅಂಡ್ ಪವರ್’ ಪುಟದಲ್ಲಿ ಕರೆಂಟು ಬಂದಾಗ ತಾನೇ ಶುರುವಾಗುವ ಆಯ್ಕೆಗೂ ಟಿಕ್ ಹಾಕಿ. ಇಲ್ಲದಿದ್ದರೆ ಮನೆಯಲ್ಲಿ ಯಾರೂ ಇಲ್ಲದ ದಿನ ಬಟನ್ ಒತ್ತಲು ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತದೆ.

ಎರಡು ಡಿಸ್ಕ್ ಇದೆ, ಬ್ಯಾಕಪ್ ಬೇಡ ಎಂದು ಬರೆದಿದ್ದೀರಿ. ಎರಡೂ ಒಂದರ ಪಡಿಯಚ್ಚು ಇನ್ನೊಂದಾಗಿ ನಡೆಯುತ್ತಿದ್ದರೆ, ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿದುಹೋಗುತ್ತದೆ. ಒಂದು ಯುಎಸ್‌ಬಿ ಡಿಸ್ಕಿಗೆ ವಾರಕ್ಕೊಮ್ಮೆ ಸಿನಾಲಜಿಯ ಹೈಪರ್ ಬ್ಯಾಕಪ್ ಆ್ಯಪ್‌ನಿಂದ ಬ್ಯಾಕಪ್ ಮಾಡಿ, ಮುಗಿದ ಮೇಲೆ ಕಳಚಿ ಕಪಾಟಿನಲ್ಲಿಡಿ.

ಹೂಮಳೆಯ ಗುಡುಗು ಶುರುವಾಗುವ ಮುಂಚೆ ಇನ್ನೊಂದು ಕೆಲಸ. ಫೈಬರ್‌ನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಮನೆಯಿಂದ ಕಾಫಿ ಗೋಡೌನಿನ ಕ್ಯಾಮೆರಾಕ್ಕೆ ಕಣದ ಮೇಲೆ ಎಳೆದ ಲ್ಯಾನ್ ಕೇಬಲ್ ತಾಮ್ರದ್ದು. ಅದರ ಇನ್ನೊಂದು ತುದಿ ನ್ಯಾಸ್ ಇರುವ ಸ್ವಿಚ್ಚಿಗೇ ಸೇರಿದ್ದರೆ, ಆ ತುಂಡನ್ನು ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಸಂಕೇತವನ್ನು ಬೆಳಕಿಗೆ ಬದಲಿಸುವ ಡಬ್ಬಿ) ಹಾಕಿ ಫೈಬರ್‌ಗೆ ಬದಲಾಯಿಸಿ. ಅಲ್ಲಿಯ ತನಕ ಗುಡುಗು ಶುರುವಾಗುವ ಮುಂಚೆಯೇ ಆ ಕೇಬಲ್ ಕಿತ್ತಿಡಿ, ಗುಡುಗುತ್ತಿರುವಾಗ ಅದನ್ನು ಮುಟ್ಟಬೇಡಿ.