ಹಾರಾಟವನ್ನು ಸಣ್ಣದು ಮಾಡಿ ಪೊಲೀಸ್ ಕತೆ ಬರೆಯಬೇಡಿ

ಪ್ರಿಯ ಲೇಖಕರೇ,

ನಿಮ್ಮ ನೀಳ್ಗತೆ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಹಸ್ತಪ್ರತಿಯನ್ನು ಬದಿಗಿಡಲೂ ಮನಸ್ಸು ಬರಲಿಲ್ಲ. ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ ಬರೆಯುವವರು ಹೋಟೆಲ್, ಬ್ಯಾಂಕ್, ಚಾಳ್, ಲೋಕಲ್ ರೈಲುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಕಾಕ್‌ಪಿಟ್ ಬಿಟ್ಟು ಪೊಲೀಸ್ ಠಾಣೆ ಹತ್ತಿದ ಕನ್ನಡದ ಹುಡುಗನ ಕತೆ ನನ್ನ ಕೈಗೆ ಬಂದದ್ದು ಇದೇ ಮೊದಲು. ಅದಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ಕತೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಮುಲುಂಡ್‌ನ ಕ್ಯಾಪ್ಟನ್ ಸುಧೀರ್‌ಗೆ 38 ವಯಸ್ಸು. ದುಬೈನಿಂದ ಮುಂಬಯಿಗೆ ಬರುವಾಗ ಕುಡಿದ ಪ್ರಯಾಣಿಕನೊಬ್ಬ ಗಗನಸಖಿಯ ಮೈಮೇಲೆ ಕೈ ಹಾಕುತ್ತಾನೆ. ಸುಧೀರ್ ಕಾಕ್‌ಪಿಟ್‌ನಿಂದ ಹೊರಗೆ ಬಂದು ಅವನ ಕೆನ್ನೆಗೆ ಬಾರಿಸುತ್ತಾನೆ. ಇಳಿದ ಮೇಲೆ ಸಹಾರ್ ಠಾಣೆಗೆ ಒಪ್ಪಿಸುತ್ತಾನೆ. ಮರುದಿನ ಸಂಜೆಗೆ ಆ ಮನುಷ್ಯ ಹೊರಗೆ ಬರುತ್ತಾನೆ. ಪೊಲೀಸರು ದುಡ್ಡು ತಿಂದರು ಅಂತ ಸುಧೀರ್ ಸಿಟ್ಟಿನಿಂದ ರಾಜೀನಾಮೆ ಕೊಡುತ್ತಾನೆ. ಮುಂದಿನ ಅಧ್ಯಾಯದಲ್ಲಿ ಅದೇ ಠಾಣೆಗೆ ಪಿಎಸ್ಐ, ಅಂದರೆ ಸಬ್ ಇನ್‌ಸ್ಪೆಕ್ಟರ್ ಆಗಿ ಬಂದು ಅವನನ್ನೇ ಹಿಡಿದು ಒಳಗೆ ಹಾಕುತ್ತಾನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಆ ಹುಡುಗಿ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಳೆ. ದೂರು ಬರೆದುಕೊಳ್ಳುವ ಮಹಿಳಾ ಹವಾಲ್ದಾರ್ ಏನೂ ಸಮಾಧಾನ ಹೇಳುವುದಿಲ್ಲ. ತನ್ನ ಕಡೆ ತಿರುಗಿದ್ದ ಟೇಬಲ್ ಫ್ಯಾನನ್ನು ಸುಮ್ನೆ ಅವಳ ಕಡೆ ತಿರುಗಿಸುತ್ತಾಳೆ. ಹಾರಿಹೋಗದಂತೆ ಕಾಗದದ ಮೇಲೆ ಲಾಠಿ ಇಡುತ್ತಾಳೆ. ಎರಡೇ ಸಾಲು. ನಿಮಗೆ ಬರೆಯಲು ಬರುತ್ತದೆ ಅಂತ ನನಗೆ ಗೊತ್ತಾದದ್ದು ಅಲ್ಲಿ. ಆ ಸಾಲುಗಳಿಗೆ ಕೈ ಹಚ್ಚಬೇಡಿ.

ಈಗ ನನ್ನ ಮುಖ್ಯ ತಕರಾರು. ಪೊಲೀಸ್ ಕೆಲಸ ದೊಡ್ಡದಾಗಿ ಕಾಣಲಿ ಅಂತ ನೀವು ವಿಮಾನದ ಕೆಲಸವನ್ನು ಸಣ್ಣದು ಮಾಡಿದ್ದೀರಿ. ‘ಬಟನ್ ಒತ್ತಿದರೆ ವಿಮಾನ ತಾನೇ ಹೋಗುತ್ತದೆ, ನಾವು ಎಸಿ ಬಸ್ಸಿನ ಡ್ರೈವರ್‌ಗಳು’ ಅಂತ ಸುಧೀರ್ ಬಾಯಲ್ಲಿ ಹೇಳಿಸಿದ್ದೀರಿ. ಅದೇ ನಿಜವಾಗಿದ್ದರೆ ಅವನು ಬಿಟ್ಟದ್ದರಲ್ಲಿ ಏನು ಹೆಚ್ಚುಗಾರಿಕೆ? ಬೇಡವಾದ ಕೆಲಸ ಬಿಟ್ಟವನ ಕತೆ ಯಾರಿಗೂ ತಟ್ಟುವುದಿಲ್ಲ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಬಿಟ್ಟವನ ಕತೆ ತಟ್ಟುತ್ತದೆ.

ಜುಲೈ ತಿಂಗಳ ಒಂದು ಲ್ಯಾಂಡಿಂಗ್ ಬರೆಯಿರಿ. ಮಳೆಗಾಲದಲ್ಲಿ ಗಾಳಿ ಸಮುದ್ರದ ಕಡೆಯಿಂದ ಬರುತ್ತದೆ. ಹಾಗಾಗಿ ವಿಮಾನಗಳು ಹೆಚ್ಚಾಗಿ ಪೂರ್ವದಿಂದ, ಘಾಟ್‌ಕೋಪರ್, ಕುರ್ಲಾ ಮೇಲಿಂದ ಬಂದು 27ನೇ ರನ್‌ವೇಯಲ್ಲಿ ಇಳಿಯುತ್ತವೆ. ಕೆಳಗೆ ನೀಲಿ ತಾಡಪಾಲು ಹೊದ್ದ ಮನೆಗಳು, ಮೇಲೆ ಮೋಡ. ನಿಗದಿಪಡಿಸಿದ ಎತ್ತರಕ್ಕೆ ಇಳಿದಾಗಲೂ ರನ್‌ವೇ ಕಾಣದಿದ್ದರೆ ಇಳಿಯುವಂತಿಲ್ಲ. ಗೋ ಅರೌಂಡ್ ಮಾಡಿ ಮತ್ತೆ ಮೇಲಕ್ಕೆ ಹೋಗಬೇಕು. ಹಿಂದೆ ಕೂತವರು ಬೈದುಕೊಳ್ಳುತ್ತಾರೆ, ಇಂಧನದ ಲೆಕ್ಕ ತಲೆಯಲ್ಲಿ ಓಡುತ್ತಿರುತ್ತದೆ, ಅಹಮದಾಬಾದ್‌ಗೆ ತಿರುಗಿಸಬೇಕಾ ಅನ್ನುವ ಪ್ರಶ್ನೆ ಎದುರಿಗಿರುತ್ತದೆ. ಈ ತೀರ್ಮಾನಕ್ಕೆ ಸಿಗುವುದು ಕೆಲವೇ ಸೆಕೆಂಡು. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಎಟಿಪಿಎಲ್‌ಗೆ 1500 ಗಂಟೆ. ಆ ಗಂಟೆಗಳೆಲ್ಲ ಇಂಥ ಸೆಕೆಂಡುಗಳಿಗಾಗಿ. ಇದನ್ನು ಸುಧೀರ್ ಚೆನ್ನಾಗಿ ಮಾಡುತ್ತಾನೆ, ಇದರಲ್ಲಿ ಅವನಿಗೆ ಸುಖವಿದೆ ಅಂತ ಓದುಗರಿಗೆ ಗೊತ್ತಾಗಬೇಕು.

ಎರಡನೆಯದು ಕೆನ್ನೆಗೆ ಬಾರಿಸುವ ದೃಶ್ಯ. ಅದು ನಡೆಯುವಂಥದ್ದಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಕಾಕ್‌ಪಿಟ್ ಬಾಗಿಲು ಗುಂಡು ತೂರದಷ್ಟು ಗಟ್ಟಿಯಾಗಿದೆ, ಹಾರಾಟದಲ್ಲಿ ಒಳಗಿನಿಂದ ಲಾಕ್ ಆಗಿರುತ್ತದೆ. ಹಿಂದೆ ಗಲಾಟೆ ಆದಾಗ ಪೈಲಟ್ ಹೊರಗೆ ಬರುವಂತಿಲ್ಲ. ಅವನಿಗೆ ಇಂಟರ್‌ಫೋನ್‌ನಲ್ಲಿ ದನಿ ಮಾತ್ರ ಕೇಳುತ್ತದೆ. ಪ್ರಯಾಣಿಕನನ್ನು ಹಿಡಿದು ಕೂರಿಸುವುದು ಕ್ಯಾಬಿನ್ ಸಿಬ್ಬಂದಿಯ ಕೆಲಸ. ಬೇಗ ಇಳಿಸುವುದು, ಭದ್ರತೆಯವರಿಗೆ ಮುಂಚೆಯೇ ಹೇಳಿಡುವುದು ಕ್ಯಾಪ್ಟನ್ ಕೆಲಸ.

ನಿಮ್ಮ ಕತೆಯ ಜೀವ ಇಲ್ಲಿದೆ ಅಂತ ನನಗನಿಸುತ್ತದೆ. ಸುಧೀರ್ ಯಾಕೆ ಪೊಲೀಸ್ ಆದ ಅನ್ನುವುದಕ್ಕೆ ನೀವು ‘ಜನಸೇವೆಯ ತುಡಿತ’ ಅಂತ ಬರೆದಿದ್ದೀರಿ. ನಾನು ನಂಬಲಿಲ್ಲ. ಆದರೆ ತನ್ನ ಜೊತೆ ಕೆಲಸ ಮಾಡುವ ಹುಡುಗಿ ಅಳುತ್ತಿರುವುದು ಕಿವಿಗೆ ಬೀಳುತ್ತಿದೆ, ಬಾಗಿಲು ತೆರೆಯುವಂತಿಲ್ಲ, ತೆರೆಯದೇ ಇರುವುದೇ ಸರಿಯಾದ ಕೆಲಸ. ಇಂಥ ರಾತ್ರಿಯೊಂದನ್ನು ಕಳೆದವನು ಬಾಗಿಲಿನ ಆಚೆಗೆ ಹೋಗಬೇಕು ಅಂದುಕೊಂಡರೆ ನಂಬುತ್ತೇನೆ. ಅವನು ನಿಯಮ ಮುರಿಯದೆ ವಿಮಾನವನ್ನು ಸುರಕ್ಷಿತವಾಗಿ ಇಳಿಸಲಿ. ಅಷ್ಟು ಚೆನ್ನಾಗಿ ಕೆಲಸ ಮಾಡಿಯೂ ಒಳಗೆ ಏನೋ ಉಳಿಯಲಿ.

ಇನ್ನು ರಾಜೀನಾಮೆಯಿಂದ ಖಾಕಿಯವರೆಗಿನ ದಾರಿ. ನೀವು ಅದನ್ನು ಒಂದು ಪುಟ ಖಾಲಿ ಬಿಟ್ಟು ದಾಟಿಬಿಟ್ಟಿದ್ದೀರಿ. 38ರಲ್ಲಿ ಈ ದಾರಿಯೇ ಇಲ್ಲ. ಐಪಿಎಸ್‌ಗೆ ಹೋಗುವ ಯುಪಿಎಸ್‌ಸಿ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 32, ಅವಕಾಶ ಆರು ಸಲ. ಪಾಸಾದರೂ ಯಾವ ರಾಜ್ಯದ ಕೇಡರ್ ಸಿಗುತ್ತದೋ ಹೇಳಲಾಗದು. ಸುಧೀರ್ ಮುಂಬಯಿಯ ಠಾಣೆಯಲ್ಲೇ ಕೂರಬೇಕು ಅಂದರೆ ಮಹಾರಾಷ್ಟ್ರ ಲೋಕಸೇವಾ ಆಯೋಗದ ಎಂಪಿಎಸ್‌ಸಿ ಪರೀಕ್ಷೆ ಬರೆದು ಪಿಎಸ್ಐ ಆಗಬೇಕು. ಅಲ್ಲೂ ವಯಸ್ಸಿನ ಮಿತಿ ಮೂವತ್ತರ ಆಸುಪಾಸಿನಲ್ಲೇ ಮುಗಿಯುತ್ತದೆ. ಪ್ರಿಲಿಮ್ಸ್, ಮೇನ್ಸ್, ದೈಹಿಕ ಪರೀಕ್ಷೆ, ಸಂದರ್ಶನ, ಆಮೇಲೆ ನಾಸಿಕ್‌ನ ಪೊಲೀಸ್ ಅಕಾಡೆಮಿ. ಆದ್ದರಿಂದ ಅವನನ್ನು 27 ವಯಸ್ಸಿನ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್ ಮಾಡಿ. ಕ್ಯಾಪ್ಟನ್ ಪಟ್ಟ ಕಣ್ಣೆದುರಿಗಿದ್ದಾಗ ಬಿಡುವುದು ಇನ್ನೂ ಕಷ್ಟ, ಅಲ್ವಾ? ಬಿಟ್ಟ ಕೂಡಲೇ ಹೋಗಲೂ ಆಗುವುದಿಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದ ಪ್ರಕಾರ ಕ್ಯಾಪ್ಟನ್‌ಗೆ ಒಂದು ವರ್ಷ, ಕೋ-ಪೈಲಟ್‌ಗೆ ಆರು ತಿಂಗಳು ನೋಟಿಸ್ ಅವಧಿ. ಮನಸ್ಸು ಹೊರಗೆ, ಕೈ ಮಾತ್ರ ಕಂಟ್ರೋಲ್ ಮೇಲೆ. ಆ ಆರು ತಿಂಗಳು ಅವನು ಹೇಗೆ ಹಾರಿಸಿದ?

ಅಪ್ಪನನ್ನು ನೀವು ಒಂದು ಫೋನ್ ಕರೆಯಲ್ಲಿ ಮುಗಿಸಿದ್ದೀರಿ. ಅನ್ಯಾಯ. ಪೈಲಟ್ ತರಬೇತಿಗೆ ಲಕ್ಷಗಟ್ಟಲೆ ಸುರಿಯಬೇಕು. ಮಾಟುಂಗದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಅಪ್ಪ ಅದನ್ನು ಎಲ್ಲಿಂದ ತಂದ? ಊರಿನ ಜಾಗ ಹೋಯಿತೋ, ಮುಲುಂಡ್‌ನ ಫ್ಲ್ಯಾಟ್ ಅಡವಿಟ್ಟನೋ? ಸಾಲದ ಕಂತು ಇನ್ನೂ ನಡೆಯುತ್ತಿರುವಾಗ ಮಗ ಸಂಬಳ ಬಿಟ್ಟು ಪರೀಕ್ಷೆಗೆ ಓದುತ್ತೇನೆ ಅನ್ನುತ್ತಾನೆ. ಅಮ್ಮ ಏನೂ ಹೇಳದೆ ಬಡಿಸುತ್ತಾಳೆ. ನೆಂಟರ ಮದುವೆಯಲ್ಲಿ ‘ಈಗ ಯಾವ ಏರ್‌ಲೈನ್ಸ್ ಮಾರಾಯ?’ ಅಂತ ಯಾರೋ ಕೇಳುತ್ತಾರೆ. ಇದೆಲ್ಲ ಕನ್ನಡದ ಮನೆಗಳಲ್ಲಿ ಹೇಗೆ ನಡೆಯುತ್ತದೆ ಅಂತ ನಿಮಗೆ ನನಗಿಂತ ಜಾಸ್ತಿ ಗೊತ್ತು. ಅವನು ಪೈಲಟ್ಟೂ ಅಲ್ಲ, ಪೊಲೀಸೂ ಅಲ್ಲ ಅನ್ನುವ ಆ ವರ್ಷಗಳಿಗೆ ಕಡಿಮೆಯೆಂದರೆ ಎರಡು ಅಧ್ಯಾಯ ಕೊಡಿ.

ಜಾಮೀನಿನ ವಿಷಯಕ್ಕೆ ಬರೋಣ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ನೀವು ಹಾಕಿದ ಮಾನಭಂಗದ ಆರೋಪದಲ್ಲಿ ಜಾಮೀನು ಕೊಡುವುದು, ಬಿಡುವುದು ಕೋರ್ಟಿಗೆ ಬಿಟ್ಟದ್ದು. ಠಾಣೆಯವರು ದುಡ್ಡು ತಿಂದೇ ಬಿಟ್ಟರು ಅನ್ನಬೇಕಿಲ್ಲ. ಮರುದಿನ ಸಂಜೆ ಆತ ಹೊರಗೆ ಬಂದದ್ದು ಕಾನೂನಿನ ಮಾಮೂಲಿ ದಾರಿಯಲ್ಲೇ ಇರಬಹುದು. ಹಾಗಿದ್ದರೆ ಸುಧೀರ್ ಸಿಟ್ಟು ಮಾಡಿಕೊಂಡದ್ದು ತಪ್ಪು ಜನರ ಮೇಲೆ. ಅದು ಅವನಿಗೆ ಗೊತ್ತಾಗುವುದು ತಾನೇ ರಿಮಾಂಡ್ ಕಾಗದ ಹಿಡಿದು ಅಂಧೇರಿ ಕೋರ್ಟಿನ ವರಾಂಡದಲ್ಲಿ ನಿಂತ ದಿನ. ಇನ್ನೊಂದು ಮಾತು. ಕತೆ ನಡೆಯುವುದು 2025ರಲ್ಲಿ ಅಂದಿದ್ದೀರಿ, ಆದರೆ ಹಳೆಯ ಐಪಿಸಿಯ ಸೆಕ್ಷನ್ 354 ಅಂತ ಬರೆದಿದ್ದೀರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ಇದು ಸೆಕ್ಷನ್ 74.

ಅದೇ ಮನುಷ್ಯನನ್ನು ಸುಧೀರ್ ಹಿಡಿಯುವ ಅಂತ್ಯವನ್ನೂ ಬಿಡಿ. ಆ ಕೇಸಿನಲ್ಲಿ ಅವನೇ ಸಾಕ್ಷಿ, ತನಿಖೆ ಅವನ ಕೈಗೆ ಬರಬಾರದು. ಇದರಿಂದ ನಿಮಗೆ ಎಷ್ಟು ಒಳ್ಳೆಯ ದೃಶ್ಯ ಸಿಗುತ್ತದೆ ನೋಡಿ. ನಾಸಿಕ್‌ನಲ್ಲಿ ತರಬೇತಿಯಲ್ಲಿದ್ದಾಗ ಸಮನ್ಸ್ ಬರುತ್ತದೆ. ಕಟಕಟೆಯಲ್ಲಿ ನಿಂತವನಿಗೆ ಎದುರು ವಕೀಲರು ಕೇಳುತ್ತಾರೆ, ನೀವು ಕಣ್ಣಾರೆ ನೋಡಿದಿರಾ? ಇಲ್ಲ. ಬಾಗಿಲು ಮುಚ್ಚಿತ್ತಾ? ಮುಚ್ಚಿತ್ತು. ಎದುರಿಗೆ ಆ ಹುಡುಗಿ ಕೂತಿದ್ದಾಳೆ.

ಠಾಣೆಯ ಒಳಗೆ ಇನ್ನೂ ಒಂದು ಮಾತು ಬರಬೇಕು. 2010ರ ಮೇ 22ರಂದು ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ದುಬೈನಿಂದ ಬಂದ ವಿಮಾನ ಬಿದ್ದು 158 ಜನ ತೀರಿಹೋದರು. ಕರಾವಳಿಯವರಿಗೆ ಅದು ಮರೆಯುವ ತಾರೀಕಲ್ಲ. ಕೋ-ಪೈಲಟ್ ‘ಗೋ ಅರೌಂಡ್’ ಅಂದಿದ್ದರು, ಆದರೂ ಕ್ಯಾಪ್ಟನ್ ಇಳಿಯಲು ಹೋದರು ಅಂತ ತನಿಖಾ ವರದಿ ಹೇಳಿತು. ಕಿರಿಯನು ಬಾಯಿಬಿಟ್ಟು ಹೇಳಬೇಕು, ಹಿರಿಯನು ಕೇಳಬೇಕು ಅಂತ ಪೈಲಟ್‌ಗಳಿಗೆ ಇವತ್ತು ಕಲಿಸುತ್ತಾರೆ. ಅದನ್ನು ಮೈಗೂಡಿಸಿಕೊಂಡ ಹುಡುಗ ಈಗ ಸೀನಿಯರ್ ಇನ್‌ಸ್ಪೆಕ್ಟರ್ ಎದುರು ಸಲ್ಯೂಟ್ ಹೊಡೆದು ನಿಂತಿದ್ದಾನೆ. ಪಂಚನಾಮೆಯಲ್ಲಿ ಸಮಯ ತಪ್ಪಾಗಿ ಬರೆದದ್ದು ಅವನ ಕಣ್ಣಿಗೆ ಬಿದ್ದಿದೆ. ಹೇಳುತ್ತಾನಾ? ಹೇಳಿದ ಮೇಲೆ ಏನಾಗುತ್ತದೆ? ಬಾಂದ್ರಾ ರೆಕ್ಲಮೇಶನ್‌ನಲ್ಲಿ ಗುಂಡು ಹಾರಿಸುವ ನಿಮ್ಮ ಏಳನೇ ಅಧ್ಯಾಯಕ್ಕಿಂತ ನನಗೆ ಈ ಪ್ರಶ್ನೆ ಮುಖ್ಯ. ಕಾರ್ಕಳ ಕಡೆಯಿಂದ ಬಂದು ಹೋಟೆಲಿನಲ್ಲಿ ದುಡಿದು 1995ರಲ್ಲಿ ಪಿಎಸ್ಐ ಆಗಿ ಎನ್‌ಕೌಂಟರ್‌ಗಳಿಗೆ ಹೆಸರಾದ ದಯಾ ನಾಯಕ್ ಅವರ ನೆರಳು ಮುಂಬಯಿ ಕನ್ನಡಿಗರ ಪೊಲೀಸ್ ಕತೆಗಳ ಮೇಲೆಲ್ಲ ಬೀಳುತ್ತದೆ. ನಿಮ್ಮ ಸುಧೀರ್ ಬೇರೆ ಮನುಷ್ಯ. ಅವನಿಗೆ ಪಿಸ್ತೂಲು ಬೇಡ, ಸ್ಟೇಷನ್ ಡೈರಿ ಕೊಡಿ. ಅದನ್ನು ಮರಾಠಿಯಲ್ಲಿ ಬರೆಯಬೇಕು. ಮನೆಯಲ್ಲಿ ತುಳು, ಕನ್ನಡ, ಕಾಕ್‌ಪಿಟ್‌ನಲ್ಲಿ ಇಂಗ್ಲಿಷ್ ಆಡಿದವನು ಶಾಲೆಯ ಮರಾಠಿಯಲ್ಲಿ ಅಪಘಾತದಲ್ಲಿ ಸತ್ತವರ ಬಗ್ಗೆ ಮೊದಲ ಬಾರಿ ಬರೆಯುತ್ತಿದ್ದಾನೆ. ನಿಧಾನವಾಗಿ ಬರೆಯಲಿ, ನಾವೂ ಜೊತೆಗೆ ಕೂತು ನೋಡುತ್ತೇವೆ.

ಸಂಭಾಷಣೆಯಲ್ಲಿ ‘ಓವರ್ ಅಂಡ್ ಔಟ್’ ತೆಗೆಯಿರಿ, ಪೈಲಟ್‌ಗಳು ಹಾಗೆ ಮಾತಾಡುವುದಿಲ್ಲ. ಉಳಿದ ಸಣ್ಣ ತಿದ್ದುಪಡಿಗಳನ್ನು ಹಸ್ತಪ್ರತಿಯ ಅಂಚಿನಲ್ಲೇ ಗುರುತು ಹಾಕಿದ್ದೇನೆ.

ಇಡೀ ಕತೆಯನ್ನು ಒಟ್ಟಿಗೆ ತಿದ್ದಲು ಹೋಗಬೇಡಿ. ಮುಚ್ಚಿದ ಬಾಗಿಲಿನ ರಾತ್ರಿಯನ್ನು ಮೊದಲು ಬರೆಯಿರಿ. ಅದನ್ನೊಂದೇ ನನಗೆ ಕಳಿಸಿ. ಮಳೆಗಾಲ ಮುಗಿಯುವುದರೊಳಗೆ ಬಂದರೆ ದೀಪಾವಳಿ ಸಂಚಿಕೆಗೆ ಕತೆಯನ್ನು ಸಿದ್ಧ ಮಾಡಲು ನಮ್ಮಿಬ್ಬರಿಗೂ ಸಮಯ ಸಿಗುತ್ತದೆ.

ನಿಮ್ಮ,
ಸಂಪಾದಕ