ಮಡಿಲಲ್ಲಿ ಕೂಸು, ತಕ್ಕಡಿಯಲ್ಲಿ ಚೀಲ

ಸಂಪಾದಕರ ಉತ್ತರ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಓದುಗರೊಬ್ಬರ ಪತ್ರ: "ಪತಿ ಶಾರ್ಜಾದಲ್ಲಿದ್ದಾರೆ. ತವರಿಗೆ ಬಂದಿದ್ದವಳು ಒಂದು ವರ್ಷ ಹತ್ತು ತಿಂಗಳ ಮಗಳನ್ನು ಕರೆದುಕೊಂಡು ಒಬ್ಬಳೇ ಮರಳುತ್ತಿದ್ದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೈಚೀಲವನ್ನು ತೂಗಿದರು. ಏಳು ಕಿಲೋ ಇರಬೇಕಾದದ್ದು ಹತ್ತರ ಹತ್ತಿರ ಇತ್ತು. ದುಡ್ಡು ಕಟ್ಟಿ, ಇಲ್ಲವೇ ಇಳಿಸಿ ಎಂದರು. ನೆಲದ ಮೇಲೆ ಕುಳಿತು ಎಲ್ಲರೆದುರು ಚೀಲ ಬಿಚ್ಚಿದೆ. ಅಷ್ಟರಲ್ಲಿ ಮಗಳು ಸಾಲು ಬಿಟ್ಟು ಓಡಿದಳು. ಹಿಂದೆ ನಿಂತಿದ್ದ ಹಿರಿಯರೊಬ್ಬರು, ಒಬ್ಬಳೇ ಬರುವವಳು ಇಷ್ಟೆಲ್ಲ ಯಾಕೆ ಹೊರಬೇಕಿತ್ತು ಎಂದರು. ನನ್ನ ಎರಡು ಸೀರೆ, ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ ಮತ್ತು ಬಾಳೆಕಾಯಿ ಹುಡಿಯ ಒಂದು ಕಟ್ಟನ್ನು ಅಲ್ಲೇ ಬಿಟ್ಟೆ, ಉಳಿದದ್ದಕ್ಕೆ ದುಡ್ಡು ಕಟ್ಟಿದೆ. ನಿಯಮ ಓದದೆ ಹೋದದ್ದು ನನ್ನದೇ ತಪ್ಪು, ಉಳಿದವರ ಹೊತ್ತು ಹಾಳು ಮಾಡಿದೆ. ಆದರೂ ಕೇಳುತ್ತೇನೆ: ಮಗುವಿನ ಟಿಕೆಟಿಗೂ ದುಡ್ಡು ತೆಗೆದುಕೊಳ್ಳುತ್ತಾರಲ್ಲ, ಅದರ ಹೆಸರಿನಲ್ಲಿ ಸ್ವಲ್ಪವಾದರೂ ಸಾಮಾನು ಒಯ್ಯುವ ಹಕ್ಕಿಲ್ಲವೇ?"

ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ಒಂದು ಪ್ರಶ್ನೆಯೂ ಎರಡು ಕ್ಷಮಾಪಣೆಗಳೂ ಇವೆ. ಪ್ರಶ್ನೆ ಬಹಳ ಚೆನ್ನಾಗಿದೆ. ಕ್ಷಮಾಪಣೆಗಳು ನನಗೆ ಸರಿ ಬರಲಿಲ್ಲ. ಕೂಸನ್ನು ಸೊಂಟದಲ್ಲಿಟ್ಟುಕೊಂಡು ಸಮುದ್ರ ದಾಟಲು ಹೊರಟವರು ಸಾಲಿನಲ್ಲಿ ನಿಂತವರ ಐದು ನಿಮಿಷಕ್ಕಾಗಿ ಇಷ್ಟು ಕುಗ್ಗಬೇಕಾಗಿಲ್ಲ. ಇಷ್ಟು ಸ್ಪಷ್ಟವಾಗಿ, ಇಷ್ಟು ಒಳ್ಳೆಯ ಕನ್ನಡದಲ್ಲಿ ಬರೆಯಬಲ್ಲವರು ತಮ್ಮ ಪರವಾಗಿ ಒಂದು ಮಾತನ್ನೂ ಬರೆದುಕೊಳ್ಳಲಿಲ್ಲ ಎಂಬುದೇ ನನಗೆ ಬೇಸರ. ನಿಮ್ಮ ಪತ್ರದಲ್ಲಿದ್ದ ಕಂಪನಿಯ ಹೆಸರನ್ನೂ ನಿಲ್ದಾಣದ ಹೆಸರನ್ನೂ ಮುದ್ರಿಸಿಲ್ಲ. ಒಂದು ಕೌಂಟರಿನ ಮೇಲೆ ಗೂಬೆ ಕೂರಿಸಿ ಮುಗಿಸುವ ವಿಷಯ ಇದಲ್ಲ.

ಕಂಪನಿಗಳ ಕಡೆಯ ನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ. ವಿಮಾನಕ್ಕೆ ತೂಕ ಮುಖ್ಯ. ಹೊತ್ತ ಪ್ರತಿ ಕಿಲೋವಿಗೂ ಇಂಧನ ಉರಿಯುತ್ತದೆ. ತಲೆಯ ಮೇಲಿನ ಕಪಾಟಿನಿಂದ ಭಾರದ ಚೀಲ ಬಿದ್ದರೆ ಕೆಳಗೆ ಕುಳಿತವರಿಗೆ ಪೆಟ್ಟಾಗುತ್ತದೆ. ಕೌಂಟರಿನಲ್ಲಿ ಕುಳಿತ ಹುಡುಗಿಯೂ ಸಂಬಳಕ್ಕೆ ದುಡಿಯುವವಳು, ನಿಯಮ ಮಾಡಿದವಳು ಅವಳಲ್ಲ. ಇದೆಲ್ಲ ನಿಜ.

ಆದರೆ ಆ ನಿಯಮ ನಿಮ್ಮ ಮಗಳನ್ನು ಹೇಗೆ ನೋಡುತ್ತದೆಂದು ಗಮನಿಸಿ. ಅವಳಿಗೆ ಅವಳದೇ ಪಾಸ್‌ಪೋರ್ಟ್ ಬೇಕು, ವೀಸಾ ಬೇಕು. ಪ್ರಯಾಣಿಕರ ಪಟ್ಟಿಯಲ್ಲಿ ಅವಳ ಹೆಸರಿರುತ್ತದೆ. ವಿದೇಶ ಪ್ರಯಾಣದಲ್ಲಿ ಅನೇಕ ಕಂಪನಿಗಳು ಇಂತಹ ಮಗುವಿಗೆ ದೊಡ್ಡವರ ದರದ ಸುಮಾರು ಹತ್ತನೇ ಒಂದು ಭಾಗವನ್ನು ಪಡೆಯುತ್ತವೆ. ಇಲ್ಲಿಯವರೆಗೆ ಅವಳು ಪೂರ್ಣ ಪ್ರಯಾಣಿಕಳು. ಚೀಲವನ್ನು ತಕ್ಕಡಿಗೆ ಏರಿಸಿದೊಡನೆ ಅವಳು ನಿಮ್ಮ ಮಡಿಲಿನ ಒಂದು ಭಾಗವಾಗಿಬಿಡುತ್ತಾಳೆ. ಕೆಲವು ಕಂಪನಿಗಳು ಹತ್ತು ಕಿಲೋ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ. ಕೊಡುವ ಹತ್ತು ಕಿಲೋ ಕೂಡ ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿಗೆ. ದಾರಿಯಲ್ಲಿ ಬೇಕಾಗುವ ಬಟ್ಟೆ, ಡಯಾಪರ್, ಜ್ವರದ ಔಷಧಿ ಎಲ್ಲವೂ ಅನೇಕ ಕಂಪನಿಗಳಲ್ಲಿ ನಿಮ್ಮ ಏಳು ಕಿಲೋವಿನಲ್ಲೇ ಸೇರಬೇಕು.

ಈಗ ಎರಡು ತಿಂಗಳು ಮುಂದೆ ಹೋಗೋಣ. ಮಗಳಿಗೆ ಎರಡು ವರ್ಷ ತುಂಬುತ್ತದೆ. ಆ ದಿನದಿಂದ ಅವಳಿಗೆ ಸ್ವಂತ ಆಸನ, ಸ್ವಂತ ಕೈಚೀಲ, ಸ್ವಂತ ಲಗೇಜ್. ಹಿಂದಿನ ದಿನ ಅನೇಕ ಕಂಪನಿಗಳಲ್ಲಿ ಅವಳ ಪಾಲಿಗೆ ಕೈಚೀಲವೇ ಇಲ್ಲ, ಮರುದಿನ ಏಳು ಕಿಲೋ. ಮಗುವಿಗೆ ಸಾಮಾನು ಹೆಚ್ಚು ಬೇಕಾಗುವುದು ಯಾವಾಗ? ಎಂಟು ತಿಂಗಳಲ್ಲೋ, ಎಂಟು ವರ್ಷದಲ್ಲೋ? ಮನೆಯಲ್ಲಿ ಮಕ್ಕಳನ್ನು ಬೆಳೆಸಿದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಲಿಲ್ಲ. ಎರಡು ಕೈಗಳೂ ಖಾಲಿ ಇರುವ, ಹಿಂದೆ ಮುಂದೆ ಯಾರೂ ಇಲ್ಲದ ಗಂಡಸೊಬ್ಬನನ್ನು ಕಣ್ಣಮುಂದೆ ಇಟ್ಟುಕೊಂಡು ಈ ನಿಯಮಗಳನ್ನು ಬರೆದಿದ್ದಾರೆ. ಇದು ನನ್ನ ಹಳೆಯ ವಾದ, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನಿಮಗೆ ಒಂದು ವಿಷಯ ತಿಳಿದಿರಲಿ. ಭಾರತದ ನಿಲ್ದಾಣಗಳಲ್ಲಿ ಒಬ್ಬರಿಗೆ ಒಂದೇ ಕೈಚೀಲ ಎಂಬ ನಿಯಮದ ಹಿಂದೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2000ನೇ ಇಸವಿಯಲ್ಲಿ ಹೊರಡಿಸಿದ ಸುತ್ತೋಲೆಗಳಿವೆ. ಆ ಒಂದು ಚೀಲವಲ್ಲದೆ ಇನ್ನೇನನ್ನು ಒಯ್ಯಬಹುದು ಎಂಬ ಪಟ್ಟಿಯೂ ಅವುಗಳಲ್ಲಿದೆ: ಹೆಂಗಸರ ಪರ್ಸ್, ಹೊದಿಕೆ, ಕೊಡೆ ಅಥವಾ ಊರುಗೋಲು, ಓದುವ ಪುಸ್ತಕ. ಅದೇ ಪಟ್ಟಿಯಲ್ಲಿ, ಜೊತೆಯಲ್ಲಿ ಹಸುಗೂಸು ಇದ್ದರೆ ದಾರಿಗೆ ಬೇಕಾಗುವ ಅದರ ಆಹಾರ, ಹಾಲಿನ ಬಾಟಲಿ ಮತ್ತು ಕೂಸನ್ನು ಹೊರುವ ಬುಟ್ಟಿಯೂ ಇವೆ. ಮಗುವಿನ ಅನ್ನದ ಚೀಲವನ್ನು ಬೇರೆಯಾಗಿ ಹಿಡಿದುಕೊಳ್ಳಿ ಎಂದು ಕೌಂಟರಿನಲ್ಲಿ ಯಾರಾದರೂ ನಿಮಗೆ ಹೇಳಿದರೇ? ನಿಮ್ಮ ಪತ್ರದಲ್ಲಿ ಅಂತಹ ಮಾತಿಲ್ಲ. ದಂಡದ ಸಾಲನ್ನು ಬೆರಳಿಟ್ಟು ತೋರಿಸುತ್ತಾರೆ, ಸವಲತ್ತಿನ ಸಾಲನ್ನು ನಾವೇ ಹುಡುಕಿಕೊಳ್ಳಬೇಕು. ಮುಂದಿನ ಸಲ ದಾರಿಯ ಆಹಾರವನ್ನೂ ಬಾಟಲಿಗಳನ್ನೂ ಬಟ್ಟೆಯ ಒಂದು ಸಣ್ಣ ಚೀಲದಲ್ಲಿ ಪ್ರತ್ಯೇಕವಾಗಿಟ್ಟು, ತೂಗುವ ಮೊದಲೇ 'ಇದು ಮಗುವಿನ ಆಹಾರ' ಎಂದು ಗಟ್ಟಿಯಾಗಿ ಹೇಳಿ. ಮಡಚುವ ತಳ್ಳುಗಾಡಿಯನ್ನು ಬಹುಪಾಲು ಕಂಪನಿಗಳು ಶುಲ್ಕವಿಲ್ಲದೆ ಒಯ್ಯುತ್ತವೆ. ವಿಮಾನದ ಬಾಗಿಲವರೆಗೆ ಅದರಲ್ಲೇ ಮಗುವನ್ನು ಕರೆದೊಯ್ಯಬಹುದೇ ಎಂದು ಕೇಳಿ, ಚೀಟಿ ಅಂಟಿಸಿಕೊಳ್ಳಿ.

ದ್ರವದ ನಿಯಮವೂ ಹೀಗೆಯೇ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ನೂರು ಮಿಲಿಲೀಟರಿನ ಮಿತಿ ಬಂತು. ಪ್ರಯಾಣಕ್ಕೆ ಬೇಕಾಗುವಷ್ಟು ಶಿಶು ಆಹಾರ ಮತ್ತು ಹಾಲಿಗೆ ಅದರಿಂದ ವಿನಾಯಿತಿ ಇದೆ. ಆದರೂ ನೀಲೇಶ್ವರದ ಕಡೆಯ ನರ್ಸ್ ಒಬ್ಬರು ತಮ್ಮದೇ ಎದೆಹಾಲನ್ನು ತಪಾಸಣೆಯವರ ಎದುರು ರುಚಿ ನೋಡಿ ತೋರಿಸಬೇಕಾಯಿತೆಂದು ನನ್ನ ಹೆಂಡತಿಯ ಬಳಿ ಹೇಳಿಕೊಂಡು ಅತ್ತಿದ್ದರು. ಗಲ್ಫಿನ ಆಸ್ಪತ್ರೆಯೊಂದರಲ್ಲಿ ರಾತ್ರಿಯಿಡೀ ಪರರ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು ಅವರು.

ನಾಗರಿಕ ವಿಮಾನಯಾನದ ಚರಿತ್ರೆ ಓದುವಾಗ ನನಗೆ ಎದುರಾದ ಸಂಗತಿಯೊಂದಿದೆ. 1930ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮೊದಲ ಗಗನಸಖಿಯಾಗಿ ಕೆಲಸಕ್ಕೆ ಸೇರಿದ ಎಲೆನ್ ಚರ್ಚ್ ತರಬೇತಾದ ನರ್ಸ್. ಜನ ಹಾರಲು ಹೆದರುತ್ತಿದ್ದ ಕಾಲವದು, ಅವರನ್ನು ನೋಡಿಕೊಳ್ಳಲು ನರ್ಸ್ ಬೇಕು ಎಂದು ಕಂಪನಿಗೆ ಅನ್ನಿಸಿತ್ತು. ನೋಡಿಕೊಳ್ಳುವ ಆ ಕಾಲ ಹೋಗಿ ತೂಗುವ ಕಾಲ ಬಂತು. ಅಮೆರಿಕದ ಒಂದು ದೊಡ್ಡ ಕಂಪನಿ 2008ರಲ್ಲಿ ಮೊದಲ ಚೀಲಕ್ಕೇ ಶುಲ್ಕ ಹಾಕಿತು, ಉಳಿದವರು ಹಿಂಬಾಲಿಸಿದರು. ನಮ್ಮಲ್ಲಿ ದೇಶದೊಳಗಿನ ಪ್ರಯಾಣದಲ್ಲಿ ಹದಿನೈದು ಕಿಲೋ ಮೀರಿ ಇಪ್ಪತ್ತು ಕಿಲೋವರೆಗಿನ ಲಗೇಜಿನ ಹೆಚ್ಚುವರಿ ತೂಕಕ್ಕೆ ಕಿಲೋವಿಗೆ ನೂರು ರೂಪಾಯಿ ಮೀರಬಾರದೆಂದು ವಿಮಾನಯಾನ ಮಹಾನಿರ್ದೇಶನಾಲಯ 2016ರಲ್ಲಿ ಕಟ್ಟುಪಾಡು ಹಾಕಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು, 2017ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. 2021ರಲ್ಲಿ ಲಗೇಜೇ ಇಲ್ಲದವರಿಗೆ ಅಗ್ಗದ ಟಿಕೆಟ್ ಕೊಡಲು ಅನುಮತಿ ಸಿಕ್ಕಿತು. ಬರಿಗೈಯಲ್ಲಿ ಹೋಗಬಲ್ಲವನಿಗೆ ಬಹುಮಾನ. ಮಗುವನ್ನು ಎತ್ತಿಕೊಂಡವಳು ಎಂದಾದರೂ ಬರಿಗೈಯಲ್ಲಿ ಹೋದದ್ದುಂಟೇ?

ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಟಿಕೆಟೇ ಬೇಡ, ಸ್ಲೀಪರ್ ದರ್ಜೆಯಲ್ಲಿ ನಲವತ್ತು ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಬಹುದು. 2022ರಲ್ಲಿ ಲಖನೌ ಮೇಲ್ ರೈಲಿನಲ್ಲಿ ತಾಯಿಯ ಬರ್ತಿಗೆ ಹೊಂದಿಕೊಂಡಂತೆ ಮಗುವಿಗೊಂದು ಪುಟ್ಟ ಬರ್ತನ್ನು ಪ್ರಯೋಗಕ್ಕೆಂದು ಜೋಡಿಸಿದ್ದರು. ಅಲ್ಲಿ ಯಾರೋ ಒಬ್ಬರು ತಾಯಿ ಮಲಗುವುದು ಹೇಗೆ ಎಂದು ಯೋಚಿಸಿದ್ದಾರೆ. ನಮ್ಮ ಕಾಸರಗೋಡು-ಮಂಗಳೂರು ಬಸ್ಸನ್ನೇ ನೋಡಿ. ರಾಜ್ಯದ ಗಡಿಯ ತಲಪಾಡಿ ದಾಟುವ ಹೊತ್ತಿಗೆ ನಿಲ್ಲಲೂ ಜಾಗವಿರುವುದಿಲ್ಲ. ಕೂಸಿನೊಂದಿಗೆ ಹತ್ತಿದ ಹೆಂಗಸಿಗೆ ಯಾರೂ ಎದ್ದು ಸೀಟು ಕೊಡದಿದ್ದರೂ ಕುಳಿತ ಅಜ್ಜಿ ಕೈ ಚಾಚಿ ಮಗುವನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಭಾಷೆ ಕನ್ನಡವೋ, ತುಳುವೋ, ಬ್ಯಾರಿಯೋ, ಮಲಯಾಳವೋ, ಅದನ್ನು ಯಾರೂ ಕೇಳುವುದಿಲ್ಲ. ಅದೇ ಜನ ವಿಮಾನ ನಿಲ್ದಾಣದ ಸಾಲಿನಲ್ಲಿ ಬೇರೆ ಜನವಾಗುತ್ತಾರೆ. ನಿಮ್ಮ ಹಿಂದೆ ನಿಂತ ಹಿರಿಯರು ಬಹುಶಃ ನಮ್ಮ ಊರಿನವರೇ.

ಅವರಿಗೆ ನಾನು ಹೇಳಬೇಕಾದದ್ದಿದೆ. ಮಂಗಳೂರಿನಿಂದ ಗಲ್ಫಿಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲು ನಮ್ಮ ಗಂಡಸರು ಬೊಂಬಾಯಿಯಲ್ಲಿಳಿದು ಬಸ್ಸಿನಲ್ಲಿ ಊರಿಗೆ ಬರುತ್ತಿದ್ದರು. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಟೇಪ್ ರೆಕಾರ್ಡರ್, ಕಂಬಳಿ, ಅತ್ತರು, ಅಕ್ಕನ ಮದುವೆಯ ಸೀರೆ, ಎಲ್ಲವನ್ನೂ ಹೇರಿಕೊಂಡು ಬಂದ ಟ್ಯಾಕ್ಸಿಯನ್ನು ನೋಡಲು ಕೇರಿಗೆ ಕೇರಿಯೇ ಸೇರುತ್ತಿತ್ತು. ಇಷ್ಟೆಲ್ಲ ಯಾಕೆ ಹೊತ್ತೆ ಎಂದು ಒಬ್ಬರೂ ಕೇಳಲಿಲ್ಲ. ಮನೆಯವರಿಗಾಗಿ ಹೊತ್ತ, ಒಳ್ಳೆಯ ಮಗ ಎಂದರು. ನೀವು ಹೊತ್ತದ್ದೂ ಮನೆಯವರಿಗಾಗಿಯೇ. ಬಾಳೆಕಾಯಿಯನ್ನು ಹೆಚ್ಚಿ, ಬಿಸಿಲಿನಲ್ಲಿ ಒಣಗಿಸಿ, ಪುಡಿ ಮಾಡಿ ಕಟ್ಟಿಕೊಟ್ಟ ನಿಮ್ಮ ತಾಯಿಯ ಒಂದು ವಾರದ ಕೆಲಸವದು. ಅದನ್ನು ಕೌಂಟರಿನ ಬದಿಯಲ್ಲಿ ಬಿಟ್ಟುಹೋದಿರಿ ಎಂದು ಓದಿದಾಗ ನನಗೆ ತಡೆಯಲಾಗಲಿಲ್ಲ.

ಬಿಡಲೇಬೇಕಾದ ವಸ್ತುಗಳೂ ಇವೆ, ತಾಯಂದಿರಿಗೆ ಬೇಸರವಾದರೂ ಹೇಳಬೇಕು. ಒಣ ಕೊಬ್ಬರಿಯನ್ನು ಕಟ್ಟಬೇಡಿ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂದು ಅದನ್ನು ಅಪಾಯಕಾರಿ ಸರಕುಗಳಲ್ಲಿ ಸೇರಿಸಿದ್ದಾರೆ. ಗಸಗಸೆಯನ್ನಂತೂ ಒಂದು ಚಿಟಿಕೆಯೂ ಬೇಡ. ನಮ್ಮಲ್ಲಿ ಪಾಯಸಕ್ಕೆ ಹಾಕುವ ವಸ್ತು ಯುಎಇಯಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ತಳ್ಳುಗಾಡಿಯೋ ಪೆಟ್ಟಿಗೆಯೋ ಮುರಿದು ಬಂದರೆ ನಿಲ್ದಾಣದಿಂದ ಹೊರಬೀಳುವ ಮೊದಲೇ ಲಿಖಿತ ದೂರು ಕೊಟ್ಟು ಪ್ರತಿ ಪಡೆಯಿರಿ. ದೇಶ ದೇಶಗಳ ನಡುವಿನ ವಿಮಾನ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯಾದ ಲಗೇಜಿಗೆ ದೂರು ಕೊಡಲು ಏಳು ದಿನ, ತಡವಾಗಿ ಬಂದದ್ದಕ್ಕೆ ಇಪ್ಪತ್ತೊಂದು ದಿನ. ಹೋಗುವಾಗ ಎರಡು ತುಂಬದೆ, ಮರಳುವಾಗ ತುಂಬುವ ಮಗುವಿದ್ದರೆ ಮರಳುವ ಪ್ರಯಾಣಕ್ಕೆ ಆಸನದ ಟಿಕೆಟ್ ಬೇಕು ಎಂಬುದನ್ನೂ ಅನೇಕರು ಮರೆಯುತ್ತಾರೆ.

ನಮಗೆ ಪರಿಚಿತರಾದ ಅಧ್ಯಾಪಕಿಯೊಬ್ಬರು ಅವಳಿ ಮಕ್ಕಳೊಂದಿಗೆ ಹೊರಟು ಸಂಕಟಪಟ್ಟರು. ಒಬ್ಬರ ಮಡಿಲಿಗೆ ಒಂದೇ ಮಗು ಎಂಬ ನಿಯಮ ಅವರಿಗೆ ತಿಳಿದದ್ದು ನಿಲ್ದಾಣದಲ್ಲಿ. ಆ ನಿಯಮ ಸುರಕ್ಷತೆಗಾಗಿ ಇದೆ, ತಕರಾರಿಲ್ಲ. ಆದರೆ ಅದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಟಿಕೆಟ್ ಮಾರುವಾಗಲೇ ಹೇಳಬೇಕಾದದ್ದು ಯಾರ ಹೊಣೆ? ನಿಯಮ ಓದದೆ ಹೋದೆ ಎಂದು ನೀವು ನಿಮ್ಮನ್ನೇ ಬೈದುಕೊಂಡಿದ್ದೀರಿ. ಓದುವುದಾದರೂ ಎಲ್ಲಿ? ಕಾಸರಗೋಡಿನವರಾದ ನಮ್ಮ ವಿಮಾನ ನಿಲ್ದಾಣಗಳಲ್ಲಿ ಒಂದು ಕರ್ನಾಟಕದಲ್ಲಿದೆ, ಇನ್ನೊಂದು ನೂರು ಕಿಲೋಮೀಟರಿಗೂ ದೂರದ ಕಣ್ಣೂರಿನ ಮಟ್ಟನ್ನೂರಿನಲ್ಲಿ. ಪಾಸ್‌ಪೋರ್ಟಿನ ಪ್ರಾದೇಶಿಕ ಕಚೇರಿ ಕೋಝಿಕ್ಕೋಡಿನಲ್ಲಿ. ಕರ್ನಾಟಕದವರಿಗೆ ನಾವು ಕೇರಳದವರು, ಕೇರಳದವರಿಗೆ ನಾವು ಕನ್ನಡದವರು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾರದೆ ನಮ್ಮವರು ಪಟ್ಟ ಪಾಡನ್ನು ನಾನು ಮರೆತಿಲ್ಲ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಕಾಯ್ದೆಯಲ್ಲಿರುವ ಆ ಹಕ್ಕನ್ನು ಪ್ರತಿ ಕಚೇರಿಯ ಮೆಟ್ಟಿಲಲ್ಲೂ ಹೊಸದಾಗಿ ಕೇಳಿ ಪಡೆಯಬೇಕಾಗಿದೆ. ಗಲ್ಫಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆಯನ್ನು ಮುದ್ರಿಸಿ ಹಂಚಲು ಎಷ್ಟು ಖರ್ಚಾದೀತು? ಪಂಚಾಯತ್‌ಗಳು ಇದಕ್ಕಿಂತ ಹೆಚ್ಚಿನ ದುಡ್ಡನ್ನು ಸ್ವಾಗತ ಫಲಕಗಳಿಗೆ ಸುರಿಯುತ್ತವೆ. ಜನ ಸರ್ಕಾರಿ ಅರ್ಜಿಗಳನ್ನು ಹಾಕಲು ಹೋಗುವ ಅಕ್ಷಯ ಕೇಂದ್ರಗಳಲ್ಲಿ ಗೋಡೆಗೆ ಅಂಟಿಸಿದರೂ ಸಾಕಿತ್ತು.

ಆದ್ದರಿಂದ ನೀವು ಒಂದು ಕೆಲಸ ಮಾಡಬೇಕು. ಹೆಚ್ಚುವರಿ ತೂಕಕ್ಕೆ ಕಟ್ಟಿದ ದುಡ್ಡಿನ ರಸೀದಿ ಮತ್ತು ಬೋರ್ಡಿಂಗ್ ಪಾಸ್ ಇದ್ದರೆ ಅವುಗಳ ಪ್ರತಿಯನ್ನು ಕಚೇರಿಗೆ ಕಳುಹಿಸಿ. ನಡೆದದ್ದನ್ನು ಈ ಪತ್ರದಲ್ಲಿ ಬರೆದ ಹಾಗೆಯೇ ಬರೆಯಿರಿ, ಕ್ಷಮಾಪಣೆಯ ಸಾಲುಗಳನ್ನು ಮಾತ್ರ ಕೈಬಿಡಿ. ಚೀಲದಲ್ಲಿ ಮಗುವಿನ ಆಹಾರ ಎಷ್ಟಿತ್ತು, ಅದನ್ನು ಬೇರೆಯಾಗಿ ಒಯ್ಯಬಹುದೆಂದು ಯಾರಾದರೂ ಹೇಳಿದರೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ. ಮೊದಲು ಕಂಪನಿಗೆ, ಅಲ್ಲಿ ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣಕ್ಕೆ ದೂರು ಸಲ್ಲಿಸೋಣ. ಇಂಗ್ಲಿಷಿಗೆ ಅನುವಾದಿಸುವ ಕೆಲಸ ನಮ್ಮದು, ನೀವು ಕನ್ನಡದಲ್ಲೇ ಬರೆಯಿರಿ. ಇದೇ ರೀತಿ ಚೀಲ ಬಿಚ್ಚಿ ಕುಳಿತ ಇತರ ತಾಯಂದಿರೂ ಬರೆಯಲಿ, ಎಲ್ಲ ಪತ್ರಗಳನ್ನೂ ಒಟ್ಟಿಗೆ ಕಳುಹಿಸುತ್ತೇವೆ. ಒಂದು ಪುಟದ ಆ ತಿಳಿವಳಿಕೆಯನ್ನು ಮುಂದಿನ ಸಂಚಿಕೆಯ ಹಿಂಬದಿಯ ರಕ್ಷಾಪುಟದಲ್ಲಿ ನಾವೇ ಮುದ್ರಿಸುತ್ತೇವೆ, ಕತ್ತರಿಸಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳುವ ಅಳತೆಯಲ್ಲಿ.

- ಸಂಪಾದಕ